ಬಿದ್ದ ವಿಮಾನ ಏನು ಹೇಳುತ್ತದೆ?

ಕಾಗದ ಮಡಚಿ ವಿಮಾನ ಮಾಡಿ ಹಾರಿಸದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಒಬ್ಬನೂ ಇರಲಾರ. ಪಾಠ ನಡೆಯುವಾಗ ಹಿಂದಿನ ಬೆಂಚಿನಿಂದ ಹೊರಟು ಕರಿಹಲಗೆಯ ಬುಡಕ್ಕೆ ಬಂದು ಇಳಿಯುವ ಈ ವಿಮಾನಗಳ ವಿಷಯದಲ್ಲಿ ಶಿಕ್ಷಕರ ಅಭಿಪ್ರಾಯ ಏನೆಂಬುದು ಎಲ್ಲರಿಗೂ ಗೊತ್ತಿದ್ದುದೇ. ಆದರೆ ಅದೇ ವಿದ್ಯಾರ್ಥಿ ನಿಜವಾದ ಒಂದು ವಿಮಾನದ ಅಳತೆಗಳನ್ನು ಬರೆದುಕೊಂಡು, ಆ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಬಿದಿರು ಬೆಂಡು ಕಾಗದಗಳಿಂದ ಅದರ ಪ್ರತಿರೂಪವನ್ನು ಮಾಡಲು ಕುಳಿತನೆಂದರೆ ಮಾತು ಬೇರೆ. ಅದು ಆಟವೂ ಹೌದು, ಗಣಿತವೂ ಹೌದು, ಬಡಿಗತನವೂ ಹೌದು. ತಿಂಗಳುಗಟ್ಟಲೆ ಕುಳಿತು ಮಾಡಿದ ಅಂಥ ವಿಮಾನ ಮೊದಲನೆಯ ಸಲ ಕೈಬಿಟ್ಟ ಕೂಡಲೆ ಬಹುಮಟ್ಟಿಗೆ ನೆಲಕ್ಕೆ ಬೀಳುತ್ತದೆ. ಹೀಗೆ ಬಿದ್ದ ಮೇಲೆ ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಕನ್ನಡ ಕಲಿಸುವವರಿಗೆ ವಿಮಾನದ ಗೊಡವೆ ಏಕೆಂದು ಕೆಲವು ಪಾಲಕರು ಕೇಳಿದ್ದುಂಟು. ಪುಷ್ಪಕ ವಿಮಾನದ ವರ್ಣನೆಯನ್ನು ವರ್ಷವರ್ಷವೂ ಓದಿ ಹೇಳುವವರು ನಾವು. ಹಾರದ ವಿಮಾನದ ಬಗೆಗೂ ಎರಡು ಮಾತು ಹೇಳಿದರೆ ತಪ್ಪಾಗದು.

ಮೊದಲು 'ಪ್ರಮಾಣ' ಎಂಬುದನ್ನು ತಿಳಿದುಕೊಳ್ಳೋಣ. ಭೂಗೋಳದ ನಕಾಶೆಯ ಮೂಲೆಯಲ್ಲಿ ಪ್ರಮಾಣ ಬರೆದಿರುವುದನ್ನು ನೀವೆಲ್ಲ ನೋಡಿದ್ದೀರಿ. ವಿಮಾನದ ಮಾದರಿಗಳಲ್ಲಿ ಜಗತ್ತಿನ ತುಂಬ ಬಳಕೆಯಲ್ಲಿರುವ ಒಂದು ಪ್ರಮಾಣ 1:72. ಅಂದರೆ ನಿಜವಾದ ವಿಮಾನದ 6 ಅಡಿಗೆ ಮಾದರಿಯಲ್ಲಿ 1 ಅಂಗುಲ. ನಮ್ಮ ದೇಶದ ತೇಜಸ್ ಯುದ್ಧವಿಮಾನದ ಉದ್ದ 13.2 ಮೀಟರು, ರೆಕ್ಕೆಗಳ ಹರವು 8.2 ಮೀಟರು. ಎರಡನ್ನೂ 72ರಿಂದ ಭಾಗಿಸಿದರೆ ಸುಮಾರು 18.3 ಮತ್ತು 11.4 ಸೆಂಟಿಮೀಟರು ಬರುತ್ತವೆ. ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ನಿಮ್ಮ ಅಂಗೈ ಮೇಲೆ ನಿಲ್ಲುತ್ತದೆ. ಇನ್ನೂ ಒಂದು ಸೊಗಸು ಇದರಲ್ಲಿದೆ. ಈ ಮಾದರಿಯನ್ನು 10 ಮೀಟರು ದೂರದಲ್ಲಿಟ್ಟು ನೋಡಿದರೆ, 720 ಮೀಟರು ದೂರದಲ್ಲಿ ಹಾರುವ ನಿಜವಾದ ವಿಮಾನ ಎಷ್ಟು ದೊಡ್ಡದಾಗಿ ಕಾಣುವುದೋ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಇದು ಬರಿಯ ಸೊಗಸಲ್ಲ. ಒಂದು ಕಾಲಕ್ಕೆ ಇದರಿಂದ ಜೀವ ಉಳಿಯುವ ಕೆಲಸವೂ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ದೂರದಿಂದ ಬರುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಕ್ಷಣದಲ್ಲಿ ಗುರುತಿಸುವುದು ಸೈನಿಕರಿಗೆ ಅತ್ಯಗತ್ಯವಾಗಿತ್ತು. 1942ರಲ್ಲಿ ಅಮೆರಿಕದ ನೌಕಾದಳವು ಅಲ್ಲಿಯ ಶಾಲೆಗಳ ಮಕ್ಕಳಿಗೆ 1:72 ಪ್ರಮಾಣದ ಐದು ಲಕ್ಷ ಕಟ್ಟಿಗೆಯ ಮಾದರಿಗಳನ್ನು ಮಾಡಿಕೊಡಲು ಕೇಳಿತು. ಐವತ್ತು ಬಗೆಯ ವಿಮಾನಗಳು, ಒಂದೊಂದರದು ಹತ್ತು ಸಾವಿರ. ಮಕ್ಕಳು ಮಾಡಿದ್ದನ್ನೆಲ್ಲ ಹಾಗೆಯೇ ತೆಗೆದುಕೊಳ್ಳಲಿಲ್ಲ. ಅಳತೆಯ ಅಚ್ಚು ಹಿಡಿದು ನೋಡಿ, ತಪ್ಪಿದ್ದನ್ನು ತಿರಸ್ಕರಿಸುತ್ತಿದ್ದರು. ರೆಕ್ಕೆಯ ಆಕಾರ ಒಂದಿಷ್ಟು ತಪ್ಪಿದರೂ ಸೈನಿಕನು ಮಿತ್ರನ ವಿಮಾನಕ್ಕೆ ಗುಂಡು ಹಾರಿಸಬಹುದಲ್ಲವೆ? ತಿರಸ್ಕೃತವಾದ ಮಾದರಿಯನ್ನು ಮಾಡಿದ ಹುಡುಗ ಇನ್ನೊಂದು ಕಟ್ಟಿಗೆಯ ತುಂಡನ್ನು ತೆಗೆದುಕೊಂಡು ಮತ್ತೆ ಕೆತ್ತಲು ಕೂಡಬೇಕಾಗುತ್ತಿತ್ತು.

ಇವು ನೋಡುವುದಕ್ಕೆ ಮಾತ್ರ ಇರುವ ಮಾದರಿಗಳು. ಹಾರುವ ಮಾದರಿಯ ಕಥೆ ಇದಕ್ಕಿಂತ ಕಠಿಣ. ಏಕೆಂದರೆ ಉದ್ದಗಲಗಳನ್ನು ಪ್ರಮಾಣದಂತೆ ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲು ಬರುವುದಿಲ್ಲ. ತೂಕವಂತೂ ತನ್ನದೇ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಅಂಗುಲದ ಚೌಕ ಮಣೆಗಳನ್ನು ಜೋಡಿಸಿ ಎರಡು ಅಂಗುಲದ ಒಂದು ಘನಾಕೃತಿ ಮಾಡಿರಿ. ಒಂದು ಮುಖದಲ್ಲಿ ನಾಲ್ಕು ಮಣೆ ಕಾಣುತ್ತವೆ. ಒಟ್ಟು ಬೇಕಾಗುವವು ಎಂಟು. ಅಂದರೆ ಉದ್ದ ಎರಡು ಪಟ್ಟು ಆದರೆ ಹರವು ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ವಿಮಾನವನ್ನು ಗಾಳಿಯಲ್ಲಿ ಹಿಡಿದಿಡುವುದು ರೆಕ್ಕೆಯ ಹರವು, ಕೆಳಕ್ಕೆ ಎಳೆಯುವುದು ತೂಕ. ಆದುದರಿಂದ ಸಣ್ಣದು ಸುಲಭವಾಗಿ ಹಾರಿತೆಂದು ಅದನ್ನೇ ನಾಲ್ಕು ಪಟ್ಟು ದೊಡ್ಡದು ಮಾಡಿದರೆ ಹಾರಲೇಬೇಕೆಂಬ ನಿಯಮವಿಲ್ಲ. ಈ ಸಣ್ಣ ಲೆಕ್ಕವನ್ನು ಮರೆಯದೆ ಮುಂದಿನ ಸಂಗತಿಗಳನ್ನು ಓದಿರಿ.

ರಬ್ಬರಿನ ಶಕ್ತಿಯಿಂದ ಹಾರುವ, ತಾನೇ ತಾನಾಗಿ ಸ್ಥಿರವಾಗಿ ನಿಲ್ಲುವ ಮೊದಲ ಮಾದರಿ ವಿಮಾನವನ್ನು ಮಾಡಿದವನು ಫ್ರಾನ್ಸಿನ ಆಲ್ಫೋನ್ಸ್ ಪೆನೋ. ಸೊಂಟದ ಬೇನೆಯಿಂದ ಊರುಗೋಲು ಹಿಡಿದು ನಡೆಯುತ್ತಿದ್ದ ಯುವಕ. 1871ರ ಆಗಸ್ಟ್ 18ರಂದು ಪ್ಯಾರಿಸಿನ ತ್ವಿಲೆರಿ ಉದ್ಯಾನದಲ್ಲಿ ಪಂಡಿತರ ಎದುರಿಗೆ ಅವನ ವಿಮಾನ 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರು ಹಾರಿತು. ಅದರ ತೂಕ 16 ಗ್ರಾಂ! ತಿರುಚಿದ ರಬ್ಬರು ಬಿಚ್ಚಿಕೊಳ್ಳುವಾಗ ಹಿಂದಿನ ಪಂಕ ತಿರುಗುತ್ತಿತ್ತು. ಆದರೆ ಅವನ ನಿಜವಾದ ಸಾಧನೆ ಪಂಕವಲ್ಲ, ಬಾಲ. ರೆಕ್ಕೆಯ ಹಿಂದೆ ಒಂದು ಚಿಕ್ಕ ರೆಕ್ಕೆಯನ್ನು ತುಸು ಬೇರೆ ಕೋನದಲ್ಲಿ ಇಟ್ಟರೆ, ಮೂಗು ಮೇಲೆದ್ದಾಗ ಇಳಿಸುವ, ಕೆಳಗಾದಾಗ ಎತ್ತುವ ಕೆಲಸವನ್ನು ಅದು ತಾನಾಗಿಯೇ ಮಾಡುತ್ತದೆ. ಇಂದಿಗೂ ನಿಮ್ಮ ಮಾದರಿಗೆ ಬಾಲ ಇರುವುದು ಇದೇ ಕಾರಣಕ್ಕೆ. ಮುಂದೆ ಅವನು ಮನುಷ್ಯರನ್ನು ಹೊರುವ ದೊಡ್ಡ ವಿಮಾನದ ನಕ್ಷೆಯನ್ನು ತಯಾರಿಸಿ 1876ರಲ್ಲಿ ಅದರ ಹಕ್ಕನ್ನೂ ಪಡೆದ. ಅದನ್ನು ಕಟ್ಟಲು ಹಣ ಕೊಡುವವರು ದೊರೆಯಲಿಲ್ಲ. 1880ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.

ಆದರೆ ಅವನ ಆಟಿಕೆಯ ಪ್ರವಾಸ ಅಲ್ಲಿಗೆ ನಿಲ್ಲಲಿಲ್ಲ. ಪೆನೋನ ರಬ್ಬರಿನ ಉಪಾಯದಿಂದ ಮೇಲಕ್ಕೆ ಹಾರುವ ಒಂದು ಆಟಿಕೆಯನ್ನು 1878ರಲ್ಲಿ ಅಮೆರಿಕದ ಒಬ್ಬ ಪಾದ್ರಿ ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ಆಟಿಕೆ ಮುರಿದುಹೋಗುವವರೆಗೆ ಆಡಿದರು. ಬಳಿಕ ತಾವೇ ಅಂಥವನ್ನು ಮಾಡಿದರು. ಒಂದಕ್ಕಿಂತ ಒಂದು ದೊಡ್ಡದಾಗಿ ಮಾಡುತ್ತ ಹೋದರು. ದೊಡ್ಡದಾದಷ್ಟೂ ಅವು ಹಾರಲು ಒಲ್ಲವಾದವು. ಬೇಸರಗೊಂಡು ಗಾಳಿಪಟದ ಕಡೆಗೆ ತಿರುಗಿದರು. ಎರಡು ಪಟ್ಟು ದೊಡ್ಡದಕ್ಕೆ ಎಂಟು ಪಟ್ಟು ಶಕ್ತಿ ಬೇಕೆಂಬುದು ಆಗ ತಮಗೆ ಗೊತ್ತಿರಲಿಲ್ಲವೆಂದು ಅವರೇ ಮುಂದೆ ಬರೆದಿದ್ದಾರೆ. ನಾವು ಮೇಲೆ ಚೌಕ ಮಣೆಗಳಿಂದ ಮಾಡಿದ ಲೆಕ್ಕ ಇದೇ.

ಇನ್ನು ಸ್ಯಾಮ್ಯುವೆಲ್ ಲ್ಯಾಂಗ್ಲಿಯವರ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಏಕೆಂದರೆ ಮಾದರಿ ವಿಮಾನದ ಸಲುವಾಗಿ ಇಷ್ಟು ವರ್ಷ ಇಷ್ಟು ಸಲ ಸೋತು, ಪ್ರತಿಯೊಂದು ಸೋಲನ್ನೂ ಇವರಷ್ಟು ಶಿಸ್ತಿನಿಂದ ಬರೆದಿಟ್ಟವರು ವಿರಳ. ಲ್ಯಾಂಗ್ಲಿ ಖಗೋಳ ವಿಜ್ಞಾನಿ. 1887ರಲ್ಲಿ ಅಮೆರಿಕದ ಪ್ರಸಿದ್ಧ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾದರು. ಐವತ್ತು ದಾಟಿದ, ಮಾನ್ಯತೆ ಪಡೆದ ವಿದ್ವಾಂಸರು ರಬ್ಬರು ತಿರುಚಿ ಆಟಿಕೆ ವಿಮಾನ ಹಾರಿಸಲು ನಿಂತರೆ ಜನ ನಗದೆ ಬಿಡುವರೆ? ಅವರು ಲೆಕ್ಕಿಸಲಿಲ್ಲ. ಮೂವತ್ತು ನಲವತ್ತು ರಬ್ಬರಿನ ಮಾದರಿಗಳನ್ನು ಮಾಡಿ ನೋಡಿದರು. ರಬ್ಬರಿನ ಶಕ್ತಿ ಕೆಲವು ಸೆಕೆಂಡುಗಳಲ್ಲಿ ತೀರಿಹೋಗುವುದರಿಂದ ಅದರಿಂದ ಹೆಚ್ಚು ಕಲಿಯುವುದು ಸಾಧ್ಯವಿಲ್ಲವೆಂದು ಕಂಡು, ಉಗಿಯಂತ್ರವಿರುವ ಮಾದರಿಗಳಿಗೆ ಕೈಹಾಕಿದರು.

ಮೊದಲಿನದಕ್ಕೆ ಸೊನ್ನೆ ಎಂದೇ ಅಂಕೆ ಕೊಟ್ಟರು. ಅದು ತೀರ ಭಾರವಾಯಿತು, ಹಾರಿಸದೆಯೇ ಬಿಟ್ಟುಬಿಟ್ಟರು. ಒಂದು, ಎರಡು, ಮೂರನೆಯವುಗಳ ಯಂತ್ರಗಳಿಗೆ ತಮ್ಮ ಭಾರವನ್ನು ತಾವೇ ಎತ್ತುವ ಶಕ್ತಿ ಸಾಲಲಿಲ್ಲ. ನಾಲ್ಕನೆಯದನ್ನು ಹಾರಿಸಲೆಂದು 1893ರಲ್ಲಿ ಒಂದು ದೋಣಿಮನೆಯನ್ನು ಕೊಂಡು, ಅದರ ಮಾಡಿನ ಮೇಲೆ ವಿಮಾನವನ್ನು ಮುಂದಕ್ಕೆ ಚಿಮ್ಮಿಸುವ ಉಪಕರಣ ಕೂಡಿಸಿ, ಪೊಟೋಮಾಕ್ ನದಿಯಲ್ಲಿ ನಿಲ್ಲಿಸಿದರು. ನೀರಿನ ಮೇಲೆ ಬಿದ್ದರೆ ಕಡಿಮೆ ಮುರಿಯುತ್ತದೆ ಎಂಬುದು ಯೋಚನೆ. ಆ ಚಳಿಗಾಲದಲ್ಲಿ ಅವರು ಎಷ್ಟೋ ಸಲ ಅಲ್ಲಿಗೆ ಹೋಗಿ, ಒಂದು ದಿನ ಗಾಳಿ, ಇನ್ನೊಂದು ದಿನ ಉಪಕರಣದ ತೊಡಕು ಎಂದು ಬರಿಗೈಯಿಂದ ಮರಳಿದರು. ಹಾರಿಸಲು ಸಾಧ್ಯವಾದ ದಿನಗಳಲ್ಲಿ ವಿಮಾನ ದೋಣಿ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ನೀರಿಗೆ ಬೀಳುತ್ತಿತ್ತು. 1894 ಹೋಯಿತು, 1895 ಬಂತು.

ಬೀಳುವುದೇಕೆ? ನೆಲದ ಮೇಲೆ ನೋಡಿದರೆ ರೆಕ್ಕೆಗಳು ಸರಿಯಾಗಿಯೇ ಇದ್ದವು. ಗಾಳಿಯ ಒತ್ತಡ ಬಿದ್ದ ಕೂಡಲೆ ಮಾತ್ರ ಅವು ಬಾಗಿ ತಿರುಚಿಕೊಳ್ಳುತ್ತಿದ್ದವು. ಆ ಕ್ಷಣಕ್ಕೆ ರೆಕ್ಕೆಯ ಕೋನ ಬದಲಾಗಿ ವಿಮಾನ ಮುಗ್ಗರಿಸುತ್ತಿತ್ತು. ಕಣ್ಣಿಗೆ ಕಾಣದ ಈ ದೋಷವನ್ನು ಕಾಣುವಂತೆ ಮಾಡಲು ಅವರು ಹೂಡಿದ ಉಪಾಯ ನಮಗೆ ಬಹಳ ಹಿಡಿಸಿದೆ. ರೆಕ್ಕೆಗಳನ್ನು ತಲೆಕೆಳಗಾಗಿ ಹಿಡಿದು ಅವುಗಳ ಮೇಲೆ ಮರಳು ಹರಡಿದರು. ಗಾಳಿ ಕೆಳಗಿನಿಂದ ಎಷ್ಟು ಒತ್ತುತ್ತದೆಯೋ ಅಷ್ಟು ಮರಳಿನ ಭಾರ. ರೆಕ್ಕೆ ಎಲ್ಲಿ ಬಾಗಿತೋ ಅಲ್ಲಿ ಬಲಪಡಿಸಿದರು. ಇದಕ್ಕೆ ಯಾವ ದೊಡ್ಡ ಪ್ರಯೋಗಶಾಲೆ ಬೇಕು ಹೇಳಿರಿ? ಮರಳು ನಮ್ಮ ಹಳ್ಳದಲ್ಲಿಯೂ ಇದೆ.

1896ರ ಮೇ 6ರಂದು ಮತ್ತೆ ನದಿಗೆ ಹೋದರು. ಮೊದಲು ಚಿಮ್ಮಿಸಿದ ಆರನೆಯ ಅಂಕೆಯ ವಿಮಾನ, ಹೊರಡುವಾಗಲೇ ರೆಕ್ಕೆ ಮುರಿದುಕೊಂಡು ನೀರು ಸೇರಿತು. ಎಷ್ಟೋ ಜನರು ಅಲ್ಲಿಗೇ ಗಂಟು ಕಟ್ಟಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದರು. ಇವರು ಐದನೆಯ ಅಂಕೆಯದನ್ನು ಏರಿಸಿದರು. ಸುಮಾರು 11 ಕಿಲೋ ತೂಕ, ನಾಲ್ಕು ಮೀಟರಿಗೂ ಮಿಕ್ಕಿದ ರೆಕ್ಕೆಯ ಹರವು. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಅದು ಹೊರಟು, ಸುತ್ತುಗಳನ್ನು ಹಾಕುತ್ತ ಮೇಲೇರಿ, ಉಗಿ ತೀರುವವರೆಗೆ ಹಾರಿ, ಮೆಲ್ಲನೆ ನೀರಿನ ಮೇಲೆ ಇಳಿಯಿತು. ಸುಮಾರು ಒಂದು ಸಾವಿರ ಮೀಟರು! ನೀರು ಒರೆಸಿ ಅದೇ ದಿನ ಇನ್ನೊಮ್ಮೆ ಹಾರಿಸಿದರು, ಮತ್ತೆ ಹಾರಿತು. ದೂರವಾಣಿಯನ್ನು ಕಂಡುಹಿಡಿದ ಅಲೆಗ್ಜಾಂಡರ್ ಗ್ರಹಾಂ ಬೆಲ್ ಸ್ವತಃ ಅಲ್ಲಿದ್ದು ಛಾಯಾಚಿತ್ರ ತೆಗೆದರು. ಮುರಿದ ಆರನೆಯದನ್ನೂ ಬಿಡಲಿಲ್ಲ. ದುರಸ್ತಿ ಮಾಡಿ ಅದೇ ನವೆಂಬರಿನಲ್ಲಿ ಹಾರಿಸಿದಾಗ ಅದು ಸುಮಾರು 1,460 ಮೀಟರು ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಪಠ್ಯಪುಸ್ತಕಕ್ಕೆ ಒಪ್ಪುತ್ತಿತ್ತು. ಆದರೆ ಮುಂದೆ ನಡೆದುದು ಹೀಗೆ. 1898ರಲ್ಲಿ ಅಮೆರಿಕದ ಯುದ್ಧ ಇಲಾಖೆ 50,000 ಡಾಲರು ಕೊಟ್ಟು ಮನುಷ್ಯನನ್ನು ಹೊರುವ ವಿಮಾನ ಕಟ್ಟಿರೆಂದಿತು. ಅದರ ನಾಲ್ಕನೆಯ ಒಂದು ಅಳತೆಯ ಮಾದರಿ 1901ರಲ್ಲಿಯೂ 1903ರಲ್ಲಿಯೂ ಹಾರಿತು. ಪೂರ್ಣ ಅಳತೆಯದು 1903ರ ಅಕ್ಟೋಬರ್ 7ರಂದು ನೇರವಾಗಿ ನೀರಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೊಮ್ಮೆ ಬಿತ್ತು. ಅದನ್ನು ನಡೆಸುತ್ತಿದ್ದ ಚಾರ್ಲ್ಸ್ ಮ್ಯಾನ್ಲಿ ಹಿಮದಂತೆ ತಣ್ಣಗಿದ್ದ ನೀರಿನಲ್ಲಿ ಸಿಕ್ಕಿ, ಬದುಕಿ ಬಂದುದೇ ಭಾಗ್ಯ. ಚಿಮ್ಮಿಸುವ ಉಪಕರಣಕ್ಕೆ ತೊಡರಿತೆಂದು ಲ್ಯಾಂಗ್ಲಿಯವರ ಕಡೆಯವರು ಹೇಳಿದರು; ಚೌಕಟ್ಟೇ ದುರ್ಬಲವಾಗಿತ್ತೆಂಬುದು ನಂತರದ ಬಹುಪಾಲು ಪರಿಣತರ ಅಭಿಪ್ರಾಯ. ಉದ್ದ ನಾಲ್ಕು ಪಟ್ಟು ಆದರೆ ಹರವು ಹದಿನಾರು ಪಟ್ಟು, ತೂಕ ಅರವತ್ನಾಲ್ಕು ಪಟ್ಟು ಎಂಬ ಲೆಕ್ಕವನ್ನು ನೆನಪಿಗೆ ತಂದುಕೊಳ್ಳಿರಿ. ಪತ್ರಿಕೆಗಳು ಮುದುಕರನ್ನು ಮನಬಂದಂತೆ ಹಾಸ್ಯ ಮಾಡಿದವು. ಹಣ ನಿಂತುಹೋಯಿತು. 1906ರಲ್ಲಿ ಲ್ಯಾಂಗ್ಲಿ ನಿಧನರಾದರು. ಅವರು ಬರೆದಿಟ್ಟ ಸೋಲುಗಳ ವಿವರ 1911ರಲ್ಲಿ ದೊಡ್ಡ ಪುಸ್ತಕವಾಗಿ ಹೊರಬಂತು.

ಆ ಡಿಸೆಂಬರ್ 8ರಿಂದ ಒಂಬತ್ತು ದಿನಗಳ ಬಳಿಕ, ಡಿಸೆಂಬರ್ 17ರಂದು, ಅದೇ ರೈಟ್ ಸಹೋದರರು ಕಿಟಿ ಹಾಕ್ ಸಮೀಪ ಹಾರಿದರೆಂಬುದು ನಿಮಗೆ ತಿಳಿದಿದೆ. ತಿಳಿಯದಿರಬಹುದಾದುದು ಇಷ್ಟು: ಅವರ 1901ರ ಗ್ಲೈಡರು, ಲೆಕ್ಕದಂತೆ ಎತ್ತಬೇಕಾಗಿದ್ದ ಭಾರದ ಸುಮಾರು ಮೂರನೆಯ ಒಂದು ಭಾಗವನ್ನು ಮಾತ್ರ ಎತ್ತಿತ್ತು. ನಿರಾಶರಾಗಿ ಊರಿಗೆ ಮರಳಿದ ಅವರು ದೊಡ್ಡ ವಿಮಾನವನ್ನು ಬದಿಗಿಟ್ಟು ಮತ್ತೆ ಮಕ್ಕಳ ಅಳತೆಗೆ ಇಳಿದರು. ತಮ್ಮ ಸೈಕಲ್ ಅಂಗಡಿಯಲ್ಲಿ ಆರು ಅಡಿ ಉದ್ದದ ಒಂದು ಕಟ್ಟಿಗೆಯ ಪೆಟ್ಟಿಗೆ ಮಾಡಿ, ಒಂದು ತುದಿಯಿಂದ ಪಂಕದಿಂದ ಗಾಳಿ ಊದಿಸಿ, ಅದರೊಳಗೆ ತಗಡು ಕತ್ತರಿಸಿ ಬಡಿದು ಮಾಡಿದ ಪುಟ್ಟ ರೆಕ್ಕೆಗಳನ್ನು ಇಟ್ಟು ತೂಗಿದರು. ತೂಗುವ ಸಾಧನ ಸೈಕಲ್ ಚಕ್ರದ ಕಡ್ಡಿ ಮತ್ತು ಗರಗಸದ ಅಲಗುಗಳಿಂದ ಆದದ್ದು. ಇನ್ನೂರರಷ್ಟು ಆಕಾರಗಳನ್ನು ಹೀಗೆ ನೋಡಿದರು. ಹಿಂದಿನವರು ಕೊಟ್ಟ ಕೋಷ್ಟಕಗಳನ್ನು ಕುರುಡಾಗಿ ನಂಬದೆ ತಮ್ಮದೇ ಕೋಷ್ಟಕ ಮಾಡಿಕೊಂಡರು. 1902ರ ಗ್ಲೈಡರು ಹೇಳಿದಂತೆ ಹಾರಿತು.

ಆ ಪೆಟ್ಟಿಗೆಯ ವಂಶದವೇ ಇಂದಿನ ಗಾಳಿಸುರಂಗಗಳು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1960ರ ದಶಕದಿಂದ ಅಂಥದೊಂದು ದೊಡ್ಡ ಸುರಂಗವಿದೆ. ತೇಜಸ್ 2001ರ ಜನವರಿ 4ರಂದು ಮೊದಲ ಸಲ ಹಾರುವುದಕ್ಕೆ ಮುಂಚೆ ಅದರ ಚಿಕ್ಕ ಮಾದರಿಗಳನ್ನು ಅಲ್ಲಿ ಗಾಳಿಗೆ ಒಡ್ಡಿ ನೋಡಿದ್ದರು. ಸೊಲ್ಲಾಪುರ ಸೀಮೆಯವರಾದ ನಮಗೆ ಬೆಂಗಳೂರಿನ ವಿಮಾನಗಳ ಜೊತೆಗೆ ಇನ್ನೊಂದು ನಂಟೂ ಉಂಟು. 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ನೆರವಿನಿಂದ ಅಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ ವಾಲಚಂದ ಹಿರಾಚಂದರು ಹುಟ್ಟಿದ್ದು 1882ರಲ್ಲಿ, ಇದೇ ಸೊಲ್ಲಾಪುರದಲ್ಲಿ. ಆ ಕಾರ್ಖಾನೆಯವರು ಡಾ. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ತಾವೇ ರಚಿಸಿದ ಎಚ್.ಟಿ.-2 ಎಂಬ ಎರಡು ಆಸನದ ತರಬೇತಿ ವಿಮಾನ 1951ರಲ್ಲಿ ಹಾರಿತು. ಈ ಹೆಸರನ್ನು ನೆನಪಿಡಿರಿ, ಮುಂದೆ ಬರುತ್ತದೆ.

ಮಾದರಿ ವಿಮಾನದವರಲ್ಲಿ ನಮ್ಮ ಮೆಚ್ಚುಗೆಗೆ ಹೆಚ್ಚು ಪಾತ್ರರಾದವರು ಮಾತ್ರ ಇವರಾರೂ ಅಲ್ಲ, ಮೇನಾರ್ಡ್ ಹಿಲ್ ಎಂಬ ಅಮೆರಿಕದ ಮುದುಕರು. ವೃತ್ತಿಯಿಂದ ಲೋಹಶಾಸ್ತ್ರಜ್ಞರು, ಹವ್ಯಾಸ, ಬಾಲ್ಸಾ ಎಂಬ ತೀರ ಹಗುರವಾದ ಕಟ್ಟಿಗೆಯಿಂದ ವಿಮಾನದ ಮಾದರಿ ಮಾಡುವುದು. ಐದು ಕಿಲೋಗಿಂತ ಕಡಿಮೆ ತೂಕದ ಮಾದರಿಯನ್ನು ಅಟ್ಲಾಂಟಿಕ್ ಮಹಾಸಾಗರ ದಾಟಿಸಬೇಕೆಂಬ ಹಟ ಅವರಿಗೆ ಹಿಡಿಯಿತು. ಅಷ್ಟರಲ್ಲಿ ಅವರ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು, ಕಿವಿಯೂ ಮಂದವಾಗಿತ್ತು. ಬೆರಳುಗಳಿಂದ ತಡವಿ ತಡವಿ ಕೆಲಸ ಮಾಡುತ್ತಿದ್ದರು. 2002ರ ಆಗಸ್ಟಿನಲ್ಲಿ ಕೆನಡಾದ ಪೂರ್ವದ ತುದಿಯಿಂದ ಹಾರಿಸಿದವು ಯಾವುವೂ ಆಚೆಯ ದಡ ಕಾಣಲಿಲ್ಲ. ಮನೆಗೆ ಹೋಗಿ ಮತ್ತೆ ಕಟ್ಟಿದರು. 2003ರ ಆಗಸ್ಟ್ 9ರಂದು, ತಮ್ಮ 77ನೆಯ ವಯಸ್ಸಿನಲ್ಲಿ, 'ಟಿ.ಎ.ಎಂ. 5' ಎಂಬ ವಿಮಾನವನ್ನು ತಮ್ಮ ಕೈಯಿಂದಲೇ ಎಸೆದು ಬಿಟ್ಟರು. ಆರು ಅಡಿ ಹರವಿನ ರೆಕ್ಕೆ, ನಾಲ್ಕು ಲೀಟರಿಗಿಂತ ಕಡಿಮೆ ಇಂಧನ, ತಾನಾಗಿ ದಾರಿ ಹಿಡಿಯುವ ಚಿಕ್ಕ ಸಾಧನ. ನಡುವೆ ಕೆಲವು ಗಂಟೆ ಅದರ ಸುದ್ದಿಯೇ ಬರಲಿಲ್ಲ. 38 ಗಂಟೆ 52 ನಿಮಿಷಗಳ ನಂತರ, ಆಗಸ್ಟ್ 11ರಂದು, ಸುಮಾರು 3,030 ಕಿಲೋಮೀಟರು ದಾಟಿ ಐರ್ಲೆಂಡಿನ ಕಡಲ ತಡಿಯಲ್ಲಿ ಇಳಿಯಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬಿಬ್ಬರು ಮೊದಲ ಬಾರಿಗೆ ಅಟ್ಲಾಂಟಿಕ್ಕನ್ನು ಒಂದೇ ಹಾರಿಕೆಯಲ್ಲಿ ದಾಟಿ ಇಳಿದ ಊರಿನ ಬಳಿಯೇ ಇದೂ ಇಳಿಯಿತು.

ಈಗ ನಮ್ಮ ಮೈದಾನಕ್ಕೆ ಬರೋಣ. ಬಾಲ್ಸಾ ನಮ್ಮ ಕೈಗೆ ಸುಲಭವಾಗಿ ಎಟುಕುವಂಥದಲ್ಲ. ಆದರೆ ಜೋಳದ ಸೀಮೆಯ ಮಕ್ಕಳಿಗೆ ಬೆಂಡಿನ ಪರಿಚಯ ಮಾಡಿಕೊಡಬೇಕೆ? ಒಣಗಿದ ದಂಟಿನ ಸಿಪ್ಪೆ ಸುಲಿದು, ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ, ಕನ್ನಡಕ ಮಾಡಿ ಆಡದವರು ಇಲ್ಲಿ ಯಾರು? ಅದೇ ಬೆಂಡು ವಿಮಾನದ ಮೈಗೂ ಆಗುತ್ತದೆ. ಸಣ್ಣಗೆ ಸೀಳಿದ ಬಿದಿರು ರೆಕ್ಕೆಯ ಎಲುಬುಗಳಿಗೆ, ಗಾಳಿಪಟದ ಕಾಗದ ಹೊದಿಕೆಗೆ. ಅಂಟನ್ನು ಮಾತ್ರ ಮಿತವಾಗಿ ಹಚ್ಚಬೇಕು. ಹೆಚ್ಚು ಹಚ್ಚಿದರೆ ಗಟ್ಟಿಯಾಗುತ್ತದೆಂಬುದು ಭ್ರಮೆ. ಭಾರವಾಗುತ್ತದೆ, ಒಣಗುವಾಗ ಎಳೆದು ರೆಕ್ಕೆಯನ್ನು ಸೊಟ್ಟ ಮಾಡುತ್ತದೆ. ಕಾಗದವನ್ನೂ ರೆಕ್ಕೆಯ ಒಂದೇ ಮಗ್ಗುಲಿಗೆ ಬಿಗಿದರೆ ಇದೇ ಗತಿ. ಮೇಲೂ ಕೆಳಗೂ ಹೊದಿಸಿ, ಒಣಗುವವರೆಗೆ ಹಲಗೆಯ ಮೇಲೆ ಅದುಮಿ ಇಡಬೇಕು.

ಹಾರಿಸುವ ಮೊದಲು ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಬೆರಳು ಕೊಟ್ಟು ವಿಮಾನವನ್ನು ಎತ್ತಿರಿ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಮೂರನೆಯ ಒಂದು ಭಾಗದ ಹತ್ತಿರ ಬೆರಳಿಟ್ಟಾಗ ಅದು ಸಮವಾಗಿ ನಿಲ್ಲಬೇಕು. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಗುರುತ್ವಕೇಂದ್ರವೆಂದು ಹೆಸರು. ನಮ್ಮ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಇದನ್ನು 'ತೂಕದ ನಡು' ಎಂದಳು, ಅದೇ ಚೆನ್ನಾಗಿದೆ. ಬಾಲದ ಕಡೆ ಜಗ್ಗಿದರೆ ಮೂಗಿಗೆ ಜೇಡಿಮಣ್ಣಿನ ಉಂಡೆ ಮೆತ್ತಬೇಕು. ನಂತರ ಗಾಳಿಯಿಲ್ಲದ ಹೊತ್ತಿನಲ್ಲಿ, ಹುಲ್ಲಿರುವ ಕಡೆ, ಎದೆಯ ಮಟ್ಟದಿಂದ ನೇರವಾಗಿ ಮುಂದಕ್ಕೆ ಜಾರಿಸಿ ಬಿಡಬೇಕು. ಹಕ್ಕಿಗೆ ಕಲ್ಲು ಬೀರಿದಂತೆ ಮೇಲಕ್ಕೆ ಬೀಸಬಾರದು.

ಬಿತ್ತೇ? ಓಡಿ ಹೋಗಿ ಎತ್ತಬೇಡಿರಿ. ಹೇಗೆ ಬಿತ್ತೆಂಬುದನ್ನು ಮೊದಲು ಬರೆಯಿರಿ. ಮೂಗು ಮೇಲಕ್ಕೆತ್ತಿ, ಒಂದು ಕ್ಷಣ ನಿಂತಂತಾಗಿ, ಥಟ್ಟನೆ ಕುಸಿದು, ಮತ್ತೆ ಮೂಗೆತ್ತಿ ಅಲೆ ಅಲೆಯಾಗಿ ಹೋಗಿ ಬಿದ್ದರೆ ಬಾಲ ಭಾರವಾಗಿದೆ. ಮೂಗಿಗೆ ಮಣ್ಣು ಬೇಕು. ಗುಂಡಿಗೆ ಇಳಿದಂತೆ ನೇರ ಮೂಗಿನ ಮೇಲೆ ಬಿದ್ದರೆ ಮಣ್ಣು ತೆಗೆಯಿರಿ, ಇಲ್ಲವೆ ಬಾಲದ ರೆಕ್ಕೆಯ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿರಿ. ಪ್ರತಿ ಸಲವೂ ಒಂದೇ ಪಕ್ಕಕ್ಕೆ ತಿರುಗಿ ಬಿದ್ದರೆ ಒಂದು ರೆಕ್ಕೆ ತಿರುಚಿದೆ. ಹಿಂದಿನಿಂದ ಕಣ್ಣು ಮಟ್ಟಕ್ಕೆ ಹಿಡಿದು ನೋಡಿದರೆ ತಿಳಿಯುತ್ತದೆ, ಕುದಿಯುವ ನೀರಿನ ಹಬೆಗೆ ಹಿಡಿದು ಮೆಲ್ಲನೆ ತಿರುವಿ ಸರಿಪಡಿಸಬಹುದು. ಅಲುಗಾಡಿ ಹೊರಳುತ್ತ ಬಿದ್ದರೆ ರೆಕ್ಕೆಯ ತುದಿಗಳನ್ನು ತುಸು ಮೇಲಕ್ಕೆ ಎತ್ತಿ ಕೂಡಿಸಬೇಕು. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೋ ಯಾವುದರಿಂದ ಕೆಟ್ಟಿತೋ ತಿಳಿಯುವುದಿಲ್ಲ.

ಪ್ರಮಾಣಬದ್ಧ ಮಾದರಿಯಲ್ಲಿ ಇನ್ನೊಂದು ತೊಡಕು ಉಂಟು. ನಿಜವಾದ ವಿಮಾನವನ್ನು ನಡೆಸಲು ಒಳಗೆ ಮನುಷ್ಯನಿದ್ದಾನೆ, ಓಲಾಡಿದರೆ ಸರಿಪಡಿಸುತ್ತಾನೆ. ಮಾದರಿ ತನ್ನಷ್ಟಕ್ಕೆ ತಾನೇ ನಿಲ್ಲಬೇಕು. ಅದಕ್ಕೇ ನುರಿತವರು ಹಾರುವ ಮಾದರಿಯ ಬಾಲವನ್ನು ಲೆಕ್ಕಕ್ಕಿಂತ ತುಸು ದೊಡ್ಡದಾಗಿ ಮಾಡುವುದುಂಟು. ಅಳತೆ ತಪ್ಪಿತೆಂದು ಅದಕ್ಕೆ ದೋಷ ಹಚ್ಚಬಾರದು.

ನಮ್ಮ ಶಾಲೆಯಲ್ಲಿ ದೀಪಾವಳಿಯ ನಂತರ ಎರಡು ತಿಂಗಳಲ್ಲಿ ಹನ್ನೊಂದು ಮಾದರಿಗಳು ಆದವು. ಸರಿಯಾಗಿ ಹಾರಿದವು ಮೂರು. ಅವನ್ನು ವಾರ್ಷಿಕೋತ್ಸವದಲ್ಲಿ ಪಾಲಕರು ನೋಡಿದ್ದೀರಿ. "ಮುರಿಯಲಿಕ್ಕೇ ಮಾಡಿಸುತ್ತೀರಲ್ಲ ಸರ್, ಓದುವ ಹೊತ್ತು ಹಾಳು" ಎಂದವರೂ ಇದ್ದರು. ಹಾರಿದ ಮೂರೂ ಕೂಡಿ ನಲವತ್ತಕ್ಕೂ ಹೆಚ್ಚು ಸಲ ಬಿದ್ದಿವೆ. ಬಿದ್ದ ಬಗೆ, ಬಿದ್ದ ದೂರ, ಮಾಡಿದ ತಿದ್ದುಪಡಿ ಎಲ್ಲ ನೂರು ಪುಟದ ಒಂದು ವಹಿಯಲ್ಲಿ ಮಕ್ಕಳ ಅಕ್ಷರದಲ್ಲಿಯೇ ಇವೆ. ಬರೆಹದ ತಪ್ಪುಗಳು ಬೇಕಾದಷ್ಟು ಇದ್ದರೂ, ನಾವು ಕೊಟ್ಟ ಯಾವ ನಿಬಂಧದಲ್ಲಿಯೂ ಅವರು ಇಷ್ಟು ಖಚಿತವಾದ ಕನ್ನಡ ಬರೆದದ್ದಿಲ್ಲ. "ಎಂಟು ಹೆಜ್ಜೆ ಹೋಗಿ ಎಡಕ್ಕೆ ವಾಲಿ ಬಿತ್ತು" ಎಂಬ ವಾಕ್ಯದಲ್ಲಿ ತೆಗೆದುಹಾಕುವ ಶಬ್ದ ಯಾವುದಿದೆ?

ಒಂಬತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿ ಮೇಲೆ ಹೇಳಿದ ಎಚ್.ಟಿ.-2 ವಿಮಾನವನ್ನು 1:24 ಪ್ರಮಾಣದಲ್ಲಿ ಮಾಡಿದ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 45 ಸೆಂಟಿಮೀಟರು. ಹನ್ನೊಂದರಲ್ಲಿ ಅದರಷ್ಟು ಅಂದವಾದದ್ದು ಇನ್ನೊಂದಿರಲಿಲ್ಲ. ಬಾಲದ ಮೇಲೆ ಮೂರು ಬಣ್ಣದ ಪಟ್ಟಿಯನ್ನೂ ಬರೆದಿದ್ದ. ಡಿಸೆಂಬರಿನಲ್ಲಿ ಎಲ್ಲರೆದುರು ಹಾರಿಸಿದಾಗ ಅದು ಮೂಗೆತ್ತಿ, ಹಿಂದಕ್ಕೆ ಕುಸಿದು, ಬಲ ರೆಕ್ಕೆಯ ಮೇಲೆ ಬಿತ್ತು. ಕೆಲವರು ನಕ್ಕರು. "ಇದು ನಮ್ಮಂಥವರಿಗೆ ಬರುವಂಥದಲ್ಲ ಸರ್" ಎಂದು ಹೇಳಿ ಹೋದವನು ಮತ್ತೆ ಸಂಜೆಯ ಕೆಲಸಕ್ಕೆ ಬಂದಿಲ್ಲ.

ಅವನ ವಿಮಾನವನ್ನು ನಾವು ಎತ್ತಿಟ್ಟು ನೋಡಿದ್ದೇವೆ. ಎಚ್.ಟಿ.-2ರ ಮೂಗು ಗಿಡ್ಡ. ನಿಜವಾದ ವಿಮಾನದಲ್ಲಿ ಅಲ್ಲಿ ಭಾರವಾದ ಇಂಜಿನು ಕುಳಿತಿದೆ. ಮಾದರಿಯಲ್ಲಿ ಆ ಜಾಗ ಪೊಳ್ಳು. ಬಣ್ಣದ ಭಾರವೆಲ್ಲ ಬಾಲಕ್ಕೆ. ಬೆರಳ ಮೇಲೆ ಎತ್ತಿದರೆ ಅದು ರೆಕ್ಕೆಯ ಹಿಂದಿನ ಅಂಚಿನ ಬಳಿ ತೂಗುತ್ತದೆ; ನಿಲ್ಲಬೇಕಾದಲ್ಲಿಗಿಂತ ಮೂರು ಬೆರಳು ಹಿಂದೆ. ಅಳತೆಯಲ್ಲಿಯಾಗಲಿ, ಕೆಲಸದಲ್ಲಿಯಾಗಲಿ ಬೇರೆ ದೋಷ ಕಾಣಲಿಲ್ಲ. ಎಡ ರೆಕ್ಕೆ ಗಟ್ಟಿಯಾಗಿದೆ. ಬಲ ರೆಕ್ಕೆಯಲ್ಲಿ ಎರಡು ಬಿದಿರ ಕಡ್ಡಿ ಮುರಿದಿವೆ, ಕಾಗದ ಅಂಗೈಯಷ್ಟು ಹರಿದಿದೆ. ನಿಂಬೆಯ ಗಾತ್ರಕ್ಕಿಂತ ಚಿಕ್ಕದಾದ ಮಣ್ಣಿನ ಉಂಡೆ ಮೂಗಿನ ಪೊಳ್ಳಿನಲ್ಲಿ ಹಿಡಿಸುತ್ತದೆ.

ವಿಮಾನ ಶಿಕ್ಷಕರ ಕೊಠಡಿಯ ಕಪಾಟಿನ ಮೇಲೆ ಇದೆ. ಬಿದಿರ ಕಡ್ಡಿ, ಕಾಗದ, ಅಂಟು ಕೆಳಗಿನ ಖಾನೆಯಲ್ಲಿವೆ. ರವಿವಾರ ಬೆಳಿಗ್ಗೆ ಏಳರ ಹೊತ್ತಿಗೆ ಮೈದಾನದಲ್ಲಿ ಗಾಳಿ ಇರುವುದಿಲ್ಲ. ಬೀಗದ ಕೈಯನ್ನು ಜವಾನರಲ್ಲಿ ಕೇಳಿ ಪಡೆಯಬಹುದು.